ಕೋಡ್ ಯಾರಿಗೂ ಹೇಳಬ್ಯಾಡ್ರಿ

ಗುಟ್ಟು ಕಾಯುವ ಕೆಲಸ ಹಗೆಯವನಿಗೂ ಬೇಡ. ನನಗೆ ಸಿಕ್ಕಿದ್ದು ಅದೇ, ವೈಫೈ ಕೋಡ್ ಕಾಯುವ ಕೆಲಸ. ಒಂದು ಕಡೆ ಬಾಯಿ ಮುಚ್ಚಿಸಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ, ಒಂದು ದಿನವೂ ತಪ್ಪಿದ್ದಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ಊರಲ್ಲಿ ನಮ್ಮ ಸಾವ್ಕಾರರ ಲಾಡ್ಜುಗಳಿವೆ. ಹಾವೇರಿಯದಕ್ಕೆ ನಾನು ಮ್ಯಾನೇಜರ್. ಮೂರಕ್ಕೂ ನೆಟ್ ನೋಡಿಕೊಳ್ಳುವವನೂ ನಾನೇ. ರೂಮು ಹಿಡಿದವರಿಗೆ ಕೋಡ್ ಕೊಡಬೇಕು, ಹೊರಗಿನವರಿಗೆ ಕೊಡಬಾರದು. ಇಷ್ಟೇ ಕೆಲಸ. ಈ ಇಷ್ಟಕ್ಕೆ ನನ್ನ ಅರ್ಧ ಕೂದಲು ಉದುರಿದೆ.

ಸಾವ್ಕಾರರಂತೂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: “ಹೊರಗಿನ ಮಂದಿ ನಮ್ಮ ನೆಟ್ ತಿಂದು ರೂಮಿನವ್ರಿಗೆ ಸಿಗವಲ್ತು ಅಂತ ಇನ್ನೊಂದು ತಕರಾರು ಬರ್ಲಿ, ನಿನ್ನ ಕೆಲಸ ಹೋತಂತ ತಿಳಕೋ.”

ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಅಂದಿನಿಂದ ಕೋಡ್ ಎಂದರೆ ನನಗೆ ಜೀವ.

ಮಾಲು ನೋಡದೆ ವ್ಯಾಪಾರವಿಲ್ಲ

ಮೊದಲು ರೂಮಿಗೊಂದು ಕೋಡ್ ಮಾಡಿದೆ. ಒಂದು ಚೀಟಿ, ಒಂದು ಫೋನು. ಒಮ್ಮೆ ಬಳಸಿದರೆ ಆ ಚೀಟಿ ಇನ್ನೊಬ್ಬರಿಗೆ ನಡೆಯುವುದಿಲ್ಲ. ಬ್ಯಾಡಗಿಯಲ್ಲಿ ಇಳಿದುಕೊಳ್ಳುವವರು ಹೆಚ್ಚಾಗಿ ಮೆಣಸಿನಕಾಯಿ ಖರೀದಿಗೆ ಬಂದವರು. ಒಂದು ದಿನ ನಾನು ಅಲ್ಲಿದ್ದಾಗಲೇ ಒಬ್ಬ ಖರೀದಿದಾರರು ಚೀಟಿ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದೊಂದ ಐತೇನು? ಬ್ಯಾರೇದು ತೋರಸ್ರಿ.”

“ಎಲ್ಲಾ ಒಂದ ರೀ, ಯಾವ್ದಾದ್ರೂ ಅಷ್ಟ.”

“ಎಲ್ಲಾ ಒಂದ ಅಂತ ದಲಾಲ್ರೂ ಹೇಳ್ತಾರ.”

ನಾನು ಒಂದು ಫೋನಿಗೆ ಉತ್ತರ ಕೊಟ್ಟು ಬರುವಷ್ಟರಲ್ಲಿ ಅವರು ಕೌಂಟರಿನ ಮೇಲಿದ್ದ ಕಟ್ಟನ್ನೇ ಬಿಚ್ಚಿದ್ದರು. ಒಂದೊಂದೇ ಕೋಡನ್ನು ತಮ್ಮ ಫೋನಿಗೆ ಹಾಕಿ ನೋಡುವುದು, “ಇದು ಸಾವಕಾಶ” ಎಂದು ಬದಿಗಿಡುವುದು. ಒಂಬತ್ತು ಚೀಟಿ ಹಾಳು! ಹತ್ತನೆಯದನ್ನು ಕಿಸೆಗೆ ಹಾಕಿಕೊಂಡರು. ನಾನು ಕೆಂಡವಾಗಿ ಬೈದೆ. ಅವರು ಶಾಂತವಾಗಿ ಹೇಳಿದರು: “ಚೀಲ ಬಿಚ್ಚಿ ನೋಡದ ತೊಗೊಂಡ್ರ ಅದಕ್ಕ ವ್ಯಾಪಾರ ಅಂತಾರೇನ್ರಿ? ಉಳದದ್ದು ಹೊಳ್ಳಿ ಕೊಟ್ಟೇನಲ್ಲ!”

ಬರಿಗೈಲೆ ಹ್ಯಾಂಗ ಕಳಸೋದು?

ಚೀಟಿಯ ಸಹವಾಸವೇ ಸಾಕೆಂದು ಮೂರೂ ಲಾಡ್ಜಿಗೆ ಒಂದೇ ಕೋಡ್ ಇಟ್ಟೆ. ವಾರದೊಳಗೆ ರಾಣೆಬೆನ್ನೂರಿನಿಂದ ತಕರಾರು. ಹೋಗಿ ನೋಡಿದರೆ ಲಾಡ್ಜಿನಲ್ಲಿ ಎಂಟು ಜನ, ನೆಟ್ಟಿನಲ್ಲಿ ನಲವತ್ತು ಫೋನು.

ಅಲ್ಲಿ ಕೌಂಟರಿನಲ್ಲಿ ಕೂಡುವವರು ಹಿರಿಯರು, ಬಂದವರನ್ನು “ಬರ್ರಿ, ಕುಂದ್ರಿ” ಎನ್ನದೆ ಬಿಡುವವರಲ್ಲ. ಬೀಜದ ಕಂಪನಿಗೆ ದಾರಿ ಕೇಳಲು ಬಂದವರಿಗೂ ಕೋಡ್ ಕೊಟ್ಟಿದ್ದರು.

“ಕಾಕಾ, ದಾರಿ ಕೇಳಿದ್ರ ದಾರಿ ಹೇಳ್ರಿ. ಕೋಡ್ ಯಾಕ ಕೊಡ್ತೀರಿ?”

“ಬಿಸಲಾಗ ಬಂದಿದ್ರಪಾ. ಚಹಾ ಬ್ಯಾಡಂದ್ರು, ನೀರೂ ಬ್ಯಾಡಂದ್ರು. ಬರಿಗೈಲೆ ಹ್ಯಾಂಗ ಕಳಸೋದು?”

ಗಂಟೆಗಟ್ಟಲೆ ತಿಳಿಸಿ ಹೇಳಿದೆ. ನನ್ನ ಗಂಟಲು ಒಣಗಿತು. ಅವರು ಎಲ್ಲದಕ್ಕೂ “ಖರೇ, ಖರೇ” ಎಂದು ತಲೆಯಾಡಿಸಿದರು. ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದು ನನ್ನ ಕೈಯಲ್ಲೂ ಒಂದು ಚೀಟಿ ಇಟ್ಟರು. “ಇರ್ಲಿ ಇಟ್ಕೋ, ಕೋಡ್ ಐತಿ.”

ಬೀದಿಗೆ ಹೇಳಿದವರು ಯಾರು?

ಆ ಮೇಲೆ ದಿನಕ್ಕೊಂದು ಹೊಸ ಕೋಡ್ ಮಾಡತೊಡಗಿದೆ. ಬೆಳಗ್ಗೆ ಬದಲಿಸಿ ಉಳಿದ ಎರಡೂ ಊರಿಗೆ ಫೋನ್ ಮಾಡುವುದು. ಹಾವೇರಿ ಲಾಡ್ಜಿನ ಗೋಡೆ ಹಳೆಯ ಕಾಲದ ದಪ್ಪ ಗೋಡೆ, ಒಳಗೆ ಫೋನಿನ ಸಿಗ್ನಲ್ ಸಿಗುವುದಿಲ್ಲ. ಹೊರಗೆ ಮೆಟ್ಟಿಲ ಮೇಲೆ ನಿಂತು ಹೇಳಬೇಕು. ರಾಣೆಬೆನ್ನೂರಿನ ಕಾಕಾರಿಗೆ ಒಮ್ಮೆ ಹೇಳಿದರೆ ಸಾಲದು, ಮೂರು ಸಲ ಹೇಳಬೇಕು. ಕೊನೆಗೆ ತಪ್ಪದೆ ಒಂದು ಮಾತು: “ಯಾರಿಗೂ ಹೇಳಬ್ಯಾಡ್ರಿ! ಬರಕೊಂಡದ್ದನ್ನ ಹರದ ಒಗೀರಿ!”

ಇಷ್ಟಾದರೂ ಹಾವೇರಿಯಲ್ಲಿ ನೆಟ್ ಸೋರುತ್ತಲೇ ಇತ್ತು. ಎದುರಿನ ಆಟೋ ನಿಲ್ದಾಣದವರು ಹಗಲೆಲ್ಲ ಸಿನಿಮಾ ನೋಡುತ್ತಿದ್ದರು. ಪಕ್ಕದ ಚಹಾದಂಗಡಿಯ ಅಜ್ಜ ಭಜನೆ ಹಚ್ಚಿಕೊಂಡು ಕೂತಿರುತ್ತಿದ್ದ. ನಾನು ರೂಮ್ ಕಸ ಹೊಡೆಯುವವಳ ಮೇಲೆ ಹರಿಹಾಯ್ದೆ. ವಾಚಮನ್‌ನಿಂದ ದೇವರ ಮುಂದೆ ಆಣೆ ಮಾಡಿಸಿದೆ. ಕೊನೆಗೆ ಸ್ವಂತ ಹೆಂಡತಿಯನ್ನೂ ಕೇಳಿದೆ. ಅವಳು ಎರಡು ದಿನ ಮಾತು ಬಿಟ್ಟಳು.

ಸಿಟ್ಟು ನೆತ್ತಿಗೇರಿದ ಒಂದು ಬೆಳಗ್ಗೆ ಕೋಡನ್ನೂ ಬದಲಿಸಿದೆ, ಅದನ್ನು ಬದಲಿಸುವ ಕಂಪ್ಯೂಟರಿನ ಪಾಸ್‌ವರ್ಡನ್ನೂ ಬದಲಿಸಿದೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು, ಕೋಡನ್ನು ಫೋನಿನಲ್ಲಿ ಹೇಳಿ ಮುಗಿಸಿ, ಚೀಟಿ ಹರಿದು ಚಹಾದ ಕಪ್ಪಿನಲ್ಲಿ ಅದ್ದಿದೆ. ಈಗ ಯಾವನು ಕದಿಯುತ್ತಾನೋ ಕದಿಯಲಿ!

ಮಧ್ಯಾಹ್ನ ಸಾವ್ಕಾರರು ತಮ್ಮ ವಕೀಲರನ್ನು ಕರೆದುಕೊಂಡು ಬಂದರು. ಸಾವ್ಕಾರರ ಜಾಗದ ತಕರಾರು ದೊಡ್ಡ ಕೋರ್ಟಿನಲ್ಲಿತ್ತು. ವಕೀಲರು ನಮ್ಮ ರೂಮಿನಲ್ಲೇ ಕುಳಿತು ವಿಡಿಯೊದಲ್ಲಿ ವಾದ ಮಾಡುವವರಿದ್ದರು. ಇನ್ನು ಹತ್ತು ನಿಮಿಷ ಮಾತ್ರ.

“ಕೋಡ್ ಹೇಳ್ರಿ” ಎಂದರು ವಕೀಲರು.

ಬಾಯಿ ತೆರೆದೆ. ಒಂದಕ್ಷರವೂ ನೆನಪಿಗೆ ಬರಲಿಲ್ಲ. ಕಂಪ್ಯೂಟರಿನ ಪಾಸ್‌ವರ್ಡೂ ಅದೇ ಚೀಟಿಯ ಜೊತೆ ಚಹಾದಲ್ಲಿ ಕರಗಿತ್ತು, ಬೆಳಗ್ಗೆಯಿಂದ ಕೋಡ್ ಕೇಳಿದ ಗಿರಾಕಿ ಒಬ್ಬನೂ ಇರಲಿಲ್ಲ.

ಮೆಟ್ಟಿಲಿಗೆ ಓಡಿ ರಾಣೆಬೆನ್ನೂರಿಗೆ ಫೋನ್ ಮಾಡಿದೆ. ಕಾಕಾ ಹೆಮ್ಮೆಯಿಂದ ಹೇಳಿದರು: “ಈ ಸಲ ನೀ ಹೇಳಿದಂಗ ಹರದ ಒಗದೇನಪಾ!” ಬ್ಯಾಡಗಿ ಕೌಂಟರಿನ ಅಕ್ಕನಿಗೆ ಮಾಡಿದೆ. ಅವಳಿಗೆ ಕೋಡ್ ಗೊತ್ತಿತ್ತು, ಆದರೆ ಹೇಳಲೊಲ್ಲಳು.

“ಯಾರಿಗೂ ಹೇಳಬ್ಯಾಡ ಅಂತ ನೀವ ಅಂದೀರಿ.”

“ನಾನ ಮಾತಾಡಾಕತ್ತೇನವಾ!”

“ನಿಮ್ಮಂಗ ದನಿ ತಗದು ಯಾರರ ಕೇಳಬಹುದ್ರಿ” ಎಂದು ಫೋನ್ ಇಟ್ಟುಬಿಟ್ಟಳು.

ಬೆನ್ನ ಹಿಂದೆ ಸಾವ್ಕಾರರು ಬಂದು ನಿಂತಿದ್ದರು. ಕೆಲಸ ಹೋಯಿತೆಂದೇ ತಿಳಿದೆ.

ಅಷ್ಟರಲ್ಲಿ ಚಹಾದಂಗಡಿಯ ಅಜ್ಜ ಕಪ್ಪು ತೊಳೆಯುತ್ತಲೇ ಕೂಗಿದ: “ಇವತ್ತಿಂದೇನ್ರಿ? ಎಂಟ, ಎಂಟ, ಕೆ, ಸೊನ್ನಿ, ಮೂರ, ಟಿ, ಏಳ.”

“ಏಳಲ್ಲೋ ಅಜ್ಜಾ, ಒಂಬತ್ತು!” ಎಂದು ನಾಲ್ಕು ಆಟೋದವರು ಒಟ್ಟಿಗೇ ತಿದ್ದಿದರು.

ಸಾವ್ಕಾರರ ಹಿಂದೆಯೇ ಬಾಗಿಲಿಗೆ ಬಂದಿದ್ದ ವಕೀಲರು ಒಂಬತ್ತು ಹಾಕಿದರು. ನೆಟ್ ಹತ್ತಿತು.

ಸಾವ್ಕಾರರು ಆಟೋದವರತ್ತ ತಿರುಗಿದರು. “ನಿಮಗ ಹೇಳಿದಾಂವ ಯಾಂವ?”

ನಾಲ್ವರೂ ನನ್ನ ಕಡೆಗೇ ಬೆರಳು ಮಾಡಿದರು. “ಇವ್ರ ರೀ. ದಿನಾ ಮುಂಜಾನೆ ಇಲ್ಲೇ ನಿಂತು ಒದರ್ತಾರಲ್ಲ!”

ಸಾವ್ಕಾರರು ನಗು ತಡೆಯಲಾರದೆ ಹೆಗಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. “ಕೆಲಸ ಇರ್ಲಿ, ಬಾಯಿ ಬ್ಯಾಡ. ನಾಳಿಂದ ಕೋಡ್ ಬರದು ಕಳಸು.”

ಆಟೋದವನೊಬ್ಬ ಗಾಬರಿಯಾಗಿ ಎದ್ದು ಬಂದ. “ಹಂಗ ಮಾಡಬ್ಯಾಡ್ರಿ ಸಾವ್ಕಾರ್ರ. ಇವ್ರು ಸಿಟ್ಟಿಗೆ ಬಂದ್ರ ಒಂದೊಂದ ಅಕ್ಷರ ಬಿಡಿಸಿ ಬಿಡಿಸಿ ಹೇಳ್ತಾರ. ಬರಕೊಳ್ಳಾಕ ಭಾಳ ಛಲೋ ಆಕ್ಕೈತಿ!”