ವರ್ನರನ ಗಾಳಕ್ಕೆ ಸಿಕ್ಕಿದ್ದು

ರಗಳೆಗೆಲ್ಲ ಕಾರಣ ವರ್ನರ್ ಹೌಗ್‌ಸ್ಟಾಡನ ಬಾಯಿ. ನಾಳೆ ತಾಯಂದಿರ ದಿನ. ಚಳಿಗಾಲದಲ್ಲಿ ತೀರಿಕೊಂಡ ಹೆಂಡತಿ ಲೋರ್ನಾಳ ಹೆಸರಿನಲ್ಲಿ, ತಾನೇ ಕೈಯಾರೆ ಹಿಡಿದ ವಾಲ್‌ಐ ಮೀನನ್ನು ಚರ್ಚಿನ ಊಟಕ್ಕೆ ಹುರಿದು ಬಡಿಸುತ್ತೇನೆಂದು ಅವನು ಎಲ್ಲರೆದುರು ಸಾರಿಬಿಟ್ಟಿದ್ದ. ಯಾರೂ ಅನುಮಾನಿಸಲಿಲ್ಲ. ಮಿನೆಸೋಟಾದ ಆ ಸರೋವರದ ಸುತ್ತಮುತ್ತ ವಾಲ್‌ಐ ವಿಷಯದಲ್ಲಿ ವರ್ನರ್ ಆಡಿದ್ದೇ ಕೊನೆಯ ಮಾತು.

ಮೀನು ಹಿಡಿಯುವ ಹಂಗಾಮು ಶುರುವಾಗುವ ಆ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಅವನ ಪಾಠ ನಡೆದಿತ್ತು.

"ನೀರಿನ್ನೂ ತಣ್ಣಗಿದೆ, ಮೀನಿಗೆ ಸೋಮಾರಿತನ. ಆಳಕ್ಕೆ ಹೋಗ್ಬೇಡಿ. ಹೊಳೆ ಬಂದು ಸೇರೋ ಕಡೆ, ಮೊಟ್ಟೆ ಇಟ್ಟು ದಣಿದು ಬಿದ್ದಿರ್ತವೆ. ಹಗುರವಾದ ಸೀಸದ ಗುಂಡು, ಹಳದಿ ಬಣ್ಣದ್ದು. ಕೊಕ್ಕೆಗೆ ಜೀವಂತ ಮೀನುಮರಿ. ತಳಕ್ಕೆ ಬಿಟ್ಟು ಮೆಲ್ಲಗೆ ಎತ್ತಿ, ಮೆಲ್ಲಗೆ ಇಳಿಸಿ. ತೊಟ್ಟಿಲು ತೂಗಿದ ಹಾಗೆ!"

ಊರಿನ ದೋಣಿಗಳೆಲ್ಲ ಅವನ ಬೆನ್ನು ಹಿಡಿದೇ ಹೊಳೆಯ ಬಾಯಿಗೆ ಬಂದವು. ವರ್ನರನ ದೋಣಿಯಲ್ಲಿ ಜೊತೆಗಿದ್ದವನು ಲೋರ್ನಾಳ ತಮ್ಮ ಪಾಮರ್. ಪಕ್ಕದ ದೋಣಿಯ ಸಿಗ್ನೆ ಲಂಗರು ಹಾಕುವಷ್ಟರಲ್ಲೇ ಮೀನೆತ್ತಿದಳು.

"ಗುರುಗಳೇ, ನಿಮ್ಮ ಹಳದಿ ಗುಂಡು ಪವಾಡ ಮಾಡ್ತು!"

ಪವಾಡ ಎಲ್ಲರಿಗೂ ಆಯಿತು, ಗುರುವೊಬ್ಬನನ್ನು ಬಿಟ್ಟು. ಅವನು ಹಸಿರು ಗುಂಡು ಹಾಕಿದ, ಬಿಳಿ ಹಾಕಿದ. ಬೀಸುವ ಭರದಲ್ಲಿ ತನ್ನ ಟೋಪಿಯನ್ನೇ ಗಾಳಕ್ಕೆ ಸಿಕ್ಕಿಸಿ ನೀರಿಗೆಸೆದ. ಶಿಷ್ಯರೇ ಪಾಠ ಹೇಳತೊಡಗಿದರು.

"ಕಿತ್ತಳೆ ಬಣ್ಣ ಹಾಕ್ರೀ!"

"ಜಿಗಣೆ ಚುಚ್ಚಿ ನೋಡ್ರೀ!"

ಆಗಾಗ ವರ್ನರನ ದಾರ ಸ್ವಲ್ಪ ಭಾರವಾಗುತ್ತಿತ್ತು. "ಥೂ, ಮತ್ತೆ ಕೊಳೆತ ಹುಲ್ಲು," ಎಂದು ಗೊಣಗುತ್ತ ನಿಧಾನಕ್ಕೆ ಸುತ್ತಿಕೊಳ್ಳುವನು. ಕೊಕ್ಕೆಯಲ್ಲಿ ಹುಲ್ಲೂ ಇರುತ್ತಿರಲಿಲ್ಲ, ಮರಿಯೂ ಇರುತ್ತಿರಲಿಲ್ಲ.

"ಈ ಮರಿಗಳು ಕೊಕ್ಕೆ ಬಿಡಿಸ್ಕೊಂಡು ಓಡಿಹೋಗ್ತಿವೆ ಕಣೋ ಪಾಮರ್!"

ಮಧ್ಯಾಹ್ನ ಕಳೆದ ಮೇಲೆ ಪಾಮರ್ ತನ್ನ ಗಾಳದ ಕೋಲನ್ನು ಮುಂದೆ ಚಾಚಿದ.

"ಭಾವ, ಇದನ್ನ ಸ್ವಲ್ಪ ಹಿಡ್ಕೊಳ್ಳಿ, ಕಾಫಿ ಬಗ್ಗಿಸ್ತೀನಿ."

ವರ್ನರ್ ಹಿಡಿದುಕೊಂಡ. ಕೋಲು ಬಿಲ್ಲಿನಂತೆ ಬಾಗಿತು.

"ಕಚ್ಚಿತು! ನೋಡಿದ್ಯಾ, ನನ್ನ ಕೈಗೆ ಬಂದದ್ದೇ ತಡ!"

ಹೊಂಬಣ್ಣದ ವಾಲ್‌ಐ ಬಲೆಗೆ ಬಿತ್ತು. ಸುತ್ತಲಿನ ದೋಣಿಗಳಿಂದ ಶಿಳ್ಳೆ, ಚಪ್ಪಾಳೆ. ವರ್ನರ್ ಬೀಗುತ್ತ ತಿರುಗಿದರೆ ಪಾಮರನ ಕೈಯಲ್ಲಿ ಖಾಲಿ ಲೋಟ. ಫ್ಲಾಸ್ಕು ಬೆಳಿಗ್ಗೆಯೇ ಬರಿದಾಗಿತ್ತು.

ಲೋರ್ನಾ ಕೂಡ ಕಾಫಿಯ ಇದೇ ಮಾತು ಹೇಳಿ ಕೋಲು ಕೊಡುತ್ತಿದ್ದಳು. ಪ್ರತಿ ವರ್ಷ, ಪ್ರತಿ ಮೀನಿಗೂ. ವರ್ನರ್ ಖಾಲಿ ಫ್ಲಾಸ್ಕನ್ನು ಎತ್ತಿ ಅಲ್ಲಾಡಿಸಿದ.

"ಇದನ್ನ ಯಾರು ಹೇಳ್ಕೊಟ್ರೋ ನಿಂಗೆ?"

"ಅಕ್ಕನೇ, ಆಸ್ಪತ್ರೆಯಲ್ಲಿ," ಎಂದ ಪಾಮರ್ ತಲೆ ತಗ್ಗಿಸಿ. "'ವಾಲ್‌ಐ ಕಚ್ಚೋದು ಹುಲ್ಲು ತಗುಲಿದ ಹಾಗಿರುತ್ತೆ, ಅವ್ರಿಗೆ ಅದು ಗೊತ್ತಾಗಲ್ಲ. ಕೊಕ್ಕೆ ಕೂತ ಮೇಲೆ ಕೋಲು ಕೊಡು. ಬಾಯಿ ಬಿಡ್ಬೇಡ, ನೊಂದ್ಕೋತಾರೆ' ಅಂದ್ಳು ಭಾವ."

ವರ್ನರ್ ಮೀನನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟ.

"ಅಯ್ಯೋ, ಹುಚ್ಚು ಹಿಡೀತೇನ್ರೀ?" ಸಿಗ್ನೆ ಕೂಗಿದಳು. "ನಾಳೆ ಲೋರ್ನಾ ಹೆಸರಲ್ಲಿ ಏನು ಬಡಿಸ್ತೀರಿ?"

"ಅದು ನಾನು ಹಿಡಿದದ್ದಲ್ಲ," ಎಂದ ವರ್ನರ್.

ಹೊಸ ಮರಿ ಚುಚ್ಚಿ, ದಾರದ ಮೇಲೆ ಬೆರಳಿಟ್ಟು ಕೂತ. ಲೋರ್ನಾ ಹೀಗೇ ಬೆರಳಿಟ್ಟು ಕೂರುತ್ತಿದ್ದಳು. ಅದನ್ನು ನೋಡಿಯೂ ತಾನೊಮ್ಮೆಯೂ ಏಕೆಂದು ಕೇಳಿರಲಿಲ್ಲ. ಸಂಕಟ ತಡೆಯಲಾಗಲಿಲ್ಲ; ಕಣ್ಣೊರೆಸಲು ಕೈಗೆ ಬಿಡುವಿರಲಿಲ್ಲ.

ಹೊತ್ತು ಮುಳುಗುವಾಗ ದಾರ ಮೆಲ್ಲಗೆ ಭಾರವಾಯಿತು, ಥೇಟು ಹುಲ್ಲು ತಗುಲಿದಂತೆ. ಈ ಸಲ ವರ್ನರ್ ಮೋಸಹೋಗಲಿಲ್ಲ. "ಲೋರ್ನಾ!" ಎಂದು ಕೂಗಿ ಎದ್ದು ನಿಂತು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದ.

ಹುಲ್ಲೇ ಬಂತು.