ಬರಿಗೈಯಲ್ಲಿ ಮೆಟ್ಟಿಲಿಳಿದವರು

ಬಟ್ಟೆ ಅಂಗಡಿಯಲ್ಲಿ ನಿಂತವನಿಗೆ ನಗುವಿಗೆ ಬರಗಾಲವಿಲ್ಲ. ಗಿರಾಕಿ ಮೆಟ್ಟಿಲಿಳಿಯುವ ತನಕ ತಡೆದುಕೊಳ್ಳುವುದೇ ಕಷ್ಟ. ಐವತ್ತರ ದಶಕದ ಕೊನೆಗೆ ನಾನು ಪುತ್ತೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿನ ಜವಳಿ ಅಂಗಡಿಗೆ ಸೇರಿದೆ. ನನಗೆ ಹೆಣ್ಣು ನಿಶ್ಚಯವಾಗಿತ್ತು. ಹೆಣ್ಣಿನ ತಂದೆ ಮಾತ್ರ, "ಕೆಲಸ ಗಟ್ಟಿಯಾಗಲಿ, ಮತ್ತೆ ದಿನ ನೋಡುವಾ" ಅಂದುಬಿಟ್ಟಿದ್ದರು.

ಅಂಗಡಿಯ ಧಣಿಗಳು ಮೊದಲ ದಿನವೇ ಹೇಳಿದರು: "ಒಂದು ವಾರ ನೋಡ್ತೇನೆ ಮಾರಾಯ. ನಿನ್ನ ಕೈಯಿಂದ ಮೂರು ಗಿರಾಕಿ ಬರಿಗೈಯಲ್ಲಿ ಮೆಟ್ಟಿಲಿಳಿದ್ರೆ ನಾಲ್ಕನೆಯವ ನೀನು."

೧. ಹೊಗಳಿದವರು

ಪೆರಾಬೆ ಕಡೆಯ ಒಬ್ಬರು ಪಂಚೆ ನೋಡಲು ಬಂದರು. ಯಾವುದನ್ನು ಬಿಡಿಸಿದರೂ "ಲಾಯ್ಕುಂಟು." ಅಂಚು ಲಾಯ್ಕುಂಟು, ನೂಲು ಲಾಯ್ಕುಂಟು, ಕಪಾಟೂ ಲಾಯ್ಕುಂಟು. ನನಗೆ ಒಳಗೊಳಗೇ ಖುಷಿ. ಎಲ್ಲ ಹೊಗಳಿ ಮುಗಿದ ಮೇಲೆ ಅವರು ಕೈಮುಗಿದು ಹೊರಟೇಹೋದರು.

ಧಣಿಗಳು ಒಂದು ಬೆರಳೆತ್ತಿದರು. "ಹೊಗಳುವವ ತೆಗೊಳ್ಳುದಿಲ್ಲ. ಕುಂದು ಹೇಳುವವನೇ ತೆಗೊಳ್ಳುದು. ತೆಗೊಳ್ಳದವನಿಗೆ ಕುಂದು ಯಾಕೆ?"

೨. ಕುಂದು ಹೇಳಿದವರು

ಮರುದಿನ ಜಾಲ್ಸೂರಿನವರೊಬ್ಬರು ಬಂದರು. ಮೊದಲನೆಯ ಪಂಚೆಗೆ ಅಂಚು ಅಗಲ, ಎರಡನೆಯದು ತೆಳು, ಮೂರನೆಯದಕ್ಕೆ ಗಂಜಿಯ ವಾಸನೆ. ಕುಂದು ಹೆಚ್ಚಾದಷ್ಟೂ ನನ್ನ ಉತ್ಸಾಹ ಏರಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ಪಂಚೆಗಳ ರಾಶಿಯ ಹಿಂದೆ ನಾನು ಕಾಣದಾದೆ. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿತು.

"ಸುಳ್ಯದ ಬಸ್ಸು ಬಂತು ಕಾಣ್ತದೆ," ಎಂದು ಅವರು ಎದ್ದರು. "ನಿಮ್ಮಲ್ಲಿ ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ ಮಾರಾಯ್ರೆ."

ಧಣಿಗಳ ಎರಡನೆಯ ಬೆರಳೂ ಎದ್ದಿತು. "ಕುಂದು ಹೇಳಿದ್ರಲ್ಲ ಧಣಿ?" ಎಂದೆ, ಅಳು ಬರುವ ಹಾಗಾಗಿತ್ತು.

"ಬಸ್ಸಿನ ಹೊತ್ತು ನೋಡಿಕೊಂಡು ಕುಂದು ಕೇಳ್ಬೇಕು," ಅಂದರು.

೩. ಬೆಂಚಿನ ಅಜ್ಜಿ

ವಾರದ ಕೊನೆಗೆ ಸುಳ್ಯ ಕಡೆಯ ಒಂದು ಕುಟುಂಬ ಮದುವೆಯ ಧಾರೆ ಸೀರೆಗೆ ಬಂತು. ಎಂಟು ಜನ, ಒಂಬತ್ತು ಅಭಿಪ್ರಾಯ. ಧಣಿಗಳು ನನ್ನ ಕಿವಿಯಲ್ಲಿ ಹೇಳಿದರು: "ಎಂಟು ಜನರಿಗೂ ತೋರಿಸ್ಬೇಡ. ಯಾರು ಮಾತಾಡುದಿಲ್ಲವೋ ಅವರದ್ದೇ ತೀರ್ಮಾನ. ಅವರನ್ನು ಹಿಡಿ."

ನೋಡಿದೆ. ಮೂಲೆಯ ಬೆಂಚಿನಲ್ಲಿ ಹಣೆ ತುಂಬ ಕುಂಕುಮವಿಟ್ಟ ಅಜ್ಜಿಯೊಬ್ಬರು ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ನಾನು ಬೆಲ್ಲ ನೀರು ಕೊಟ್ಟೆ. ಸೀರೆಗಳನ್ನೆಲ್ಲ ಅವರ ಮುಂದೆಯೇ ಬಿಡಿಸಿದೆ. ಅಜ್ಜಿ ಒಂದೊಂದನ್ನೂ ಗಂಭೀರವಾಗಿ ನೋಡಿ, ಕೊನೆಗೆ ಒಂದು ಕೆಂಪು ಸೀರೆಯ ಮೇಲೆ ಕೈಯಿಟ್ಟರು. "ಇದು ಹುಡುಗಿಗೆ ಒಪ್ಪುತ್ತದೆ."

ಎಂಟು ಜನರೂ ಮರುಮಾತಿಲ್ಲದೆ ಒಪ್ಪಿದರು. ಸೀರೆ ಕಟ್ಟಿ ಕೊಡುವಾಗ ನಾನು ಮದುಮಗಳ ತಾಯಿಗೆ ಹೇಳಿದೆ: "ನಿಮ್ಮ ಅಜ್ಜಿಯ ಕಣ್ಣು ಭಾರೀ ಚುರುಕು."

"ನಮ್ಮ ಅಜ್ಜಿಯಾ? ನಿಮ್ಮ ಧಣಿಯ ತಾಯಿ ಅಲ್ವಾ? ಹಿರಿಯರ ಮಾತು ಮೀರುದು ಬೇಡ ಅಂತ ನಾವು ಒಪ್ಪಿದ್ದು."

ನಾನು ಧಣಿಗಳ ಮುಖ ನೋಡಿದೆ. "ನನ್ನ ತಾಯಿ ಮನೆಯಲ್ಲಿದ್ದಾರೆ," ಅಂದರು ಅವರು.

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು. "ಕಡಬದ ಬಸ್ಸು ಬಂತು ಮಗ. ಬಿಸಿಲು ಅಂತ ಇಲ್ಲಿ ಕೂತದ್ದು. ಸೀರೆ ತೋರಿಸಿದ್ದು ಒಳ್ಳೆದಾಯ್ತು, ಹೊತ್ತು ಹೋಯ್ತು." ಹೇಳುತ್ತಲೇ ಮೆಟ್ಟಿಲಿಳಿದರು, ಬರಿಗೈಯಲ್ಲಿ.

ಧಣಿಗಳು ಮೂರನೆಯ ಬೆರಳೆತ್ತಿದರು. ನನ್ನ ಕೆಲಸವೂ ಮದುವೆಯೂ ಆ ಬೆರಳಿನ ತುದಿಯಲ್ಲಿ ನಿಂತವು.

ಕಾಪಾಡಿದ್ದು ಮದುಮಗಳ ತಾಯಿ. "ಪಾಪ, ಸೀರೆ ಆರಿಸಿಕೊಟ್ಟವರು. ನಮ್ಮ ಲೆಕ್ಕದಲ್ಲಿ ಒಂದು ರವಕೆ ಕಣ ಕೊಡಿ," ಅಂದರು. ಕೈಗೆ ಸಿಕ್ಕಿದ ಹಳದಿ ಕಣ ಹಿಡಿದು ಓಡಿ, ಬಸ್ಸಿನ ಕಿಟಕಿಯಲ್ಲಿ ಅಜ್ಜಿಗೆ ಕೊಟ್ಟೆ. ಅವರು ಅದನ್ನು ಬಿಡಿಸಿ, ಎರಡು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದರು.

"ಬಣ್ಣ ಬಿಡುವ ಹಾಗೆ ಕಾಣ್ತದೆ. ಹಸಿರು ಉಂಟಾ?"

ಕಂಡಕ್ಟರನ ಕೈಕಾಲು ಹಿಡಿದು ಬಸ್ಸು ನಿಲ್ಲಿಸಿದೆ. ಅಂಗಡಿಗೆ ಓಡಿ ಹಸಿರು ತಂದೆ. ಅಜ್ಜಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಸ್ಸಿನವರೆಲ್ಲ ನೋಡಿದರು.

"ಮೊದಲಿನದ್ದೇ ಲಾಯ್ಕಿತ್ತು," ಎಂದು ಹಳದಿಯನ್ನು ಚೀಲಕ್ಕೆ ಹಾಕಿಕೊಂಡರು.

ಏದುಸಿರು ಬಿಡುತ್ತ ಹಿಂದೆ ಬಂದೆ. ಧಣಿಗಳು ಮೆಟ್ಟಿಲ ಮೇಲೆಯೇ ನಿಂತಿದ್ದರು. ಮೂರನೆಯ ಬೆರಳನ್ನು ನಿಧಾನವಾಗಿ ಮಡಚಿ ಕೇಳಿದರು:

"ಮೂಲೆಯ ಬೆಂಚು ಅಜ್ಜಿಗೇ ಇರ್ಲಿ. ಇನ್ನು ಪುತ್ತೂರಿಗೆ ಬರುದು ಯಾವಾಗ ಅಂತ ಕೇಳಿದೆಯಾ?"