ಟೊಮೆಟೊ ತಿಂದ ರೈತನಿಗೆ ಮುಂದೇನಾಯಿತು?

ಮುಳಬಾಗಿಲಿನಲ್ಲಿ ನಾನು ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಕಾಲದಲ್ಲಿ, ತಲೆಬರಹ ಮಾತ್ರ ಓದಿ ಜಗಳಕ್ಕೆ ಬರುವವರು ವಾರಕ್ಕೊಬ್ಬರಾದರೂ ಸಿಗುತ್ತಿದ್ದರು. ಟೈಪ್ ಬಾರದವರ ಪ್ರತಿಕ್ರಿಯೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ನಾನೇ ಕಳಿಸುತ್ತಿದ್ದೆ. ಒಳ್ಳೆಯದು ಮಾಡಿದೆನೋ ಕೆಟ್ಟದ್ದೋ, ಈಗಲೂ ಗೊತ್ತಿಲ್ಲ.

೧. ವಿಷಯ, ಉಲ್ಲೇಖ

ಒಂದು ದಿನ ವೆಬ್‌ಸೈಟೊಂದರಲ್ಲಿ ‘ನಿಮ್ಮ ಟೊಮೆಟೊದಲ್ಲಿ ವಿಷ!’ ಎಂದು ದಪ್ಪಕ್ಷರದಲ್ಲಿ ಬಂತು. ಒಳಗೆ ಇದ್ದದ್ದು ಇಷ್ಟೇ: ಟೊಮೆಟೊ ಗಿಡದ ಎಲೆ ತಿನ್ನಬಾರದು. ಎಲೆ ತಿನ್ನುವವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ನಿವೃತ್ತ ಹೆಡ್ ಗುಮಾಸ್ತರೊಬ್ಬರು ಕುರ್ಚಿ ಎಳೆದುಕೊಂಡು, “ಬರ್ಕೊಳ್ಳಿ. ಇವರಿಗೆ, ಸಂಪಾದಕರು. ಮಾನ್ಯರೇ. ವಿಷಯ: ಟೊಮೆಟೊ ವಿಷದ ಬಗ್ಗೆ. ಉಲ್ಲೇಖ: ತಮ್ಮ ಇಂದಿನ ಸುದ್ದಿ” ಎಂದರು. ಅಷ್ಟಕ್ಕೇ ಪ್ರತಿಕ್ರಿಯೆಯ ಜಾಗ ತುಂಬಿಹೋಯಿತು.

“ಸುದ್ದಿ ಪೂರ್ತಿ ಓದಿದ್ರಾ ಸಾರ್?”

“ಫೈಲ್ ಪೂರ್ತಿ ಓದಿ ಷರಾ ಬರೆದ ಅಧಿಕಾರೀನ ನೀವು ಎಲ್ಲಾದ್ರೂ ನೋಡಿದೀರೇನ್ರೀ?”

೨. ತಿಂದು ತೋರಿಸಿದ್ದು

ಗುಮಾಸ್ತರ ಬಾಯಲ್ಲಿ ಸುದ್ದಿ ಕೇಳಿ ಪಕ್ಕದ ಹಳ್ಳಿಯ ರೈತರೊಬ್ಬರು ಓಡಿಬಂದರು. ಕೋಲಾರದ ಮಾರುಕಟ್ಟೆಗೆ ಹೊರಟಿದ್ದ ಅವರ ಟೊಮೆಟೊ ಟೆಂಪೊ ಹೊರಗೇ ನಿಂತಿತ್ತು.

“ಮಂಡಿಯೋರು ಇದನ್ನ ಓದಿದ್ರೆ ನನ್ನ ಬೆಳೆಯೆಲ್ಲ ತಿಪ್ಪೆಗೆ ಕಣಣ್ಣ” ಎಂದರು. ನನಗೂ ಸಂಕಟವಾಯಿತು. ಏನು ಬರೆಯಲಿ ಎಂದರೆ, ಹೊರಗಿನಿಂದ ಒಂದು ಹಣ್ಣು ತಂದು ಸ್ಕ್ರೀನಿನ ಎದುರು ಹಿಡಿದು ತಿಂದರು.

“ಅವರಿಗೆ ಕಾಣಿಸಲ್ಲ ಯಜಮಾನ್ರೇ.”

“ಕಾಣಿಸಲ್ವಾ? ಮತ್ತೆ ವಿಷ ಇರೋದು ಹೆಂಗೆ ಕಾಣಿಸ್ತು?”

‘ಟೊಮೆಟೊ ತಿಂದಿದ್ದೇನೆ, ಚೆನ್ನಾಗಿದ್ದೇನೆ’ ಎಂದು ಅವರ ಹೆಸರು, ಊರು ಸಮೇತ ಕಳಿಸಿದೆ.

೩. ಮುಂದೇನಾಯಿತು

ಮರುದಿನದ ತಲೆಬರಹ: ‘ವಿಷದ ಟೊಮೆಟೊ ತಿಂದ ಮುಳಬಾಗಿಲಿನ ರೈತ! ಮುಂದೇನಾಯಿತು?’ ಚೆನ್ನಾಗಿದ್ದಾರೆ ಎಂಬುದು ಕೊನೆಯ ಸಾಲಿನಲ್ಲಿತ್ತು. ಅದರ ಕೆಳಗೆ ಓದುಗರು ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಬರೆಯತೊಡಗಿದ್ದರು.

ಎರಡು ದಿನ ಬಿಟ್ಟು ರೈತರು ಬಂದರು. “ಮಂಡೀಲಿ ಏನಾಯ್ತು?” ಎಂದು ಹೆದರುತ್ತಲೇ ಕೇಳಿದೆ.

“ಅಲ್ಲಿ ಯಾರೂ ಓದಿಲ್ಲ, ಹಣ್ಣೆಲ್ಲಾ ಮಾರಾಟ ಆಯ್ತು. ಓದಿರೋದು ಶ್ರೀನಿವಾಸಪುರದ ನಮ್ಮ ಬೀಗರು. ಮನೆಗೆ ಬಂದ್ರೆ ವ್ಯಾನ್ ತುಂಬ ಜನ. ‘ಎಟ್ಲುಂಡಾವು ಬಾವಾ’, ಹೆಂಗಿದೀಯ ಬಾವ ಅಂತ ತೆಲುಗಲ್ಲಿ ಕೇಳ್ತಾ ಕೈ ಹಿಡ್ಕೊಂಡು ಅಳ್ತಾರೆ. ಚೆನ್ನಾಗಿದೀನಿ ಅಂದ್ರೆ ಇನ್ನೂ ಜೋರಾಗಿ ಅಳ್ತಾರೆ.”

“ಆಮೇಲೆ?”

“ಬಂದೋರನ್ನ ಹಂಗೇ ಕಳಿಸೋಕಾಗ್ತದಾ? ನಮ್ಮನೇಳು ಮುದ್ದೆ, ಸಾರು ಮಾಡಿದ್ಲು. ಅಳ್ತಾನೇ ಎರಡೆರಡು ಸಲ ಹಾಕಿಸ್ಕೊಂಡು ಉಂಡ್ರು. ಸಾರು ಬಲೇ ರುಚಿ, ಯಾತರದಮ್ಮಾ ಅಂದ್ರು ಬೀಗರು. ಇವಳು ನಮ್ಮ ತೋಟದ ಟೊಮೆಟೊದ್ದೇ ಅಂದ್ಬಿಟ್ಲು.”

“ಅಯ್ಯೋ. ಏನಂದ್ರು?”

“ಅನ್ನೋದೇನು ಬಂತು? ಚಾಪೆ ಹಾಸ್ಕೊಂಡು ಸಾಲಾಗಿ ಮಲಗಿಬಿಟ್ರು. ಇನ್ನೂ ಎದ್ದಿಲ್ಲ. ಈಗ ನಾನೇ ಒಬ್ಬೊಬ್ಬರ ಕೈ ಹಿಡ್ಕೊಂಡು ಹೆಂಗಿದೀರಾ ಅಂತ ಕೇಳ್ತಾ ಇದೀನಿ.”